ತುಂಡು ಬಾಯಿಗೆ ಹೋಗುವ ತನಕ

ಕುಣಿಗಲ್ ದೊಡ್ಡಕೆರೆಯ ಏರಿಯ ಮೇಲೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ತೆಪ್ಪ ದಡಕ್ಕೆ ತಾಗುವ ಮೊದಲೇ ಚಿಕ್ಕಮಾರಮ್ಮ ಸೀರೆ ಎತ್ತಿ ಕಟ್ಟಿಕೊಂಡು ಮೊಣಕಾಲುದ್ದ ನೀರಿಗೆ ಇಳಿದಿದ್ದಾರೆ. ತೆಪ್ಪದಲ್ಲಿ ಬಲೆ ಬಿಡಿಸುತ್ತಿರುವುದು ಅವರ ಗಂಡ ರಾಮಾಂಜಿನಯ್ಯ. ಇಬ್ಬರ ನಡುವೆ ಬೆಳಗಿನ ಮೊದಲ ಮಾತು ಜಗಳದ್ದೇ.

“ಇದೇನ್ ಮೀನಾ, ಮುಳ್ಳಿನ ಪೊರಕೆನಾ? ಕಾಟ್ಲಾ ಬೇಕು ಅಂತ ರಾತ್ರಿನೇ ಬಡ್ಕಂಡಿದ್ನಲ್ಲ.”

“ಕೆರೇಲಿ ಏನೈತೋ ಅದು ಬತ್ತದೆ. ಕಾಟ್ಲಾನೇ ಬೇಕಾದ್ರೆ ನೀನೇ ಇಳಿದು ಕರ್ಕಂಡ್ ಬಾ.”

“ನಾನ್ ಇಳಿದ್ರೆ ಕೆರೆ ಕೋಡಿ ಬೀಳ್ತದೆ. ಸುಮ್ಕೆ ಆ ದೊಡ್ಡದನ್ನ ಎತ್ತು.”

ಹೇಳಿ ತಾವೇ ನಗುತ್ತಾರೆ. ದೊಡ್ಡ ಮೈಯ ಹೆಂಗಸು. ವಯಸ್ಸು ಐವತ್ತು ದಾಟಿದೆ. ಮೀನಿನ ಕಿವಿರು ಎತ್ತಿ ಕೆಂಪಗಿದೆಯೇ ಎಂದು ನೋಡಿ, ದಡದ ಕಲ್ಲಿನ ಮೇಲೆ ಹಾಕಿ ಹುರುಪೆ ಕೆರೆಯುತ್ತಾರೆ. ತಲೆ, ಬಾಲ ಬೇರೆ. ನಡುವಿನ ಅಂಗೈ ಅಗಲದ ತುಂಡುಗಳು ಬೇರೆ. ನಡುವಿನ ತುಂಡುಗಳನ್ನು ಚೀಟಿ ಅಂಟಿಸಿದ ಕವರುಗಳಿಗೆ ತುಂಬಿ, ಐಸ್ ಹಾಕಿದ ಡಬ್ಬದಲ್ಲಿಟ್ಟು ಮೊಪೆಡ್ಡಿನ ಹಿಂದೆ ಬಿಗಿಯುತ್ತಾರೆ. ಮೊಪೆಡ್ಡಿನ ಎರಡೂ ಪಕ್ಕ ಮನೆಗೊಂದರಂತೆ ಬಿಳಿ ಪ್ಲಾಸ್ಟಿಕ್ ಕ್ಯಾನುಗಳು ತೂಗುತ್ತವೆ. ಈಗ ಅವು ಖಾಲಿ. ವಾಪಸು ಬರುವಾಗ ಅವುಗಳಲ್ಲಿ ಹನ್ನೊಂದು ಮನೆಯ ಸಕ್ಕರೆ ಕಾಯಿಲೆಯವರ ಮೂತ್ರ ಇರುತ್ತದೆ.

ಓದುವವರು ಮೂಗು ಮುರಿಯುವುದಾದರೆ ಇಲ್ಲೇ ಮುರಿದುಬಿಡಲಿ. ಕುಣಿಗಲ್ ಸುತ್ತಿನ ಹಳ್ಳಿಗಳಲ್ಲಿ ಎಲ್ಲರೂ ಆಗಲೇ ಮುರಿದಿದ್ದಾರೆ.

ವಿಷಯ ಇಷ್ಟು. ತುಮಕೂರಿನ ಒಂದು ವೈದ್ಯರ ತಂಡ ಒಂದು ಪ್ರಶ್ನೆ ಹಿಡಿದು ಕೂತಿದೆ. ಸಕ್ಕರೆ ಕಾಯಿಲೆ ಇದ್ದು, ಮೈ ತೂಕವೂ ಮಿತಿ ಮೀರಿದವರಿಗೆ ವರ್ಷ ಕಳೆದಂತೆ ಮೂತ್ರಪಿಂಡ ಸೋಲುತ್ತದೆ. ಅಂಥವರು ಕುರಿ, ಕೋಳಿ ತಿನ್ನುವ ಬದಲು ಅಷ್ಟೇ ಅಳತೆಯ ಮೀನು ತಿಂದರೆ ಮೂತ್ರಪಿಂಡ ಸ್ವಲ್ಪವಾದರೂ ಉಳಿಯುತ್ತದೆಯೇ ಎಂಬುದು ಪ್ರಶ್ನೆ. ತಂಡದ ಮುಖ್ಯಸ್ಥೆ ಡಾಕ್ಟರ್ ಸಂಧ್ಯಾ, ತುಮಕೂರಿನ ಶಿರಾ ಗೇಟ್ ಹತ್ತಿರದ ತಮ್ಮ ಕೋಣೆಯಲ್ಲಿ ಕೂತು ಬಿಡಿಸಿ ಹೇಳುತ್ತಾರೆ.

“ಮೂತ್ರಪಿಂಡ ಒಂದು ವಂದರಿ, ಜರಡಿ ಇದ್ದ ಹಾಗೆ. ಕಸ ಹೊರಗೆ ಹೋಗಬೇಕು, ಸತ್ವ ಒಳಗೆ ನಿಲ್ಲಬೇಕು. ಸಕ್ಕರೆ ಹೆಚ್ಚಿದ್ದು, ಬೊಜ್ಜಿನ ಭಾರನೂ ಸೇರಿದಾಗ ವಂದರಿಯ ಕಣ್ಣು ದೊಡ್ಡದಾಗುತ್ತೆ. ಒಳಗಿರಬೇಕಾದ ಪ್ರೊಟೀನು ಮೂತ್ರದಲ್ಲಿ ಸೋರುತ್ತೆ. ಮೀನಿನ ಪ್ರೊಟೀನು ತಿಂದರೆ ಈ ಸೋರಿಕೆ ಕಡಿಮೆ ಆಗಬಹುದು ಅಂತ ಕೆಲವರ ಅಂದಾಜು. ಅಂದಾಜು ಅಷ್ಟೇ. ಮೀನೇನು ಔಷಧಿ ಅಲ್ಲ. ಹೆಚ್ಚು ತಿಂದರೆ ಹೆಚ್ಚು ಗುಣ ಅಂತಾನೂ ಅಲ್ಲ. ಗೊತ್ತಿಲ್ಲ, ಅದಕ್ಕೇ ಕೇಳ್ತಾ ಇದೀವಿ.”

ಕೇಳುವುದು ಸರಿ. ಮೀನು ಮನೆಗೆ ಮುಟ್ಟಿಸಿ ಇಡೀ ದಿನದ ಮೂತ್ರ ಹೊತ್ತು ತರುವವರು ಯಾರು? ಮೊದಲು ಓದಿದ ಹುಡುಗಿಯರನ್ನು ಹಾಕಿದರು. ಕ್ಯಾನು ನೋಡಿದ ಮೇಲೆ ಒಬ್ಬಳೂ ನಿಲ್ಲಲಿಲ್ಲ. ಕೊನೆಗೆ ಕುಣಿಗಲ್ಲಿನಲ್ಲಿ ಬುಟ್ಟಿ ಇಟ್ಟು ಮೀನು ಮಾರುತ್ತಿದ್ದ ಚಿಕ್ಕಮಾರಮ್ಮನ ಹತ್ತಿರ ಬಂದರು.

“ಮೀನಿನ್ ನಾತ ತಡ್ಕಂಡಿರೋಳು ಇದನ್ನ ತಡ್ಕಳಕ್ಕಿಲ್ವಾ ಅಂತ ಕೇಳಿದ್ರು. ತಡ್ಕತೀನಿ ಅಂದೆ. ಜನದ್ ಬಾಯಿ ನಾತ ಹೆಂಗಿರ್ತದೆ ಅಂತ ಅವತ್ತು ಗೊತ್ತಿರ್ಲಿಲ್ಲ.”

ಹುಟ್ಟಿದ್ದು ಗುಬ್ಬಿ ತಾಲ್ಲೂಕಿನ ಒಂದು ಕೆರೆಯ ಕೆಳಗಿನ ಹಳ್ಳಿಯಲ್ಲಿ. ಅಪ್ಪನೂ ಬಲೆ ಬಿಡುತ್ತಿದ್ದವನೇ. ನಾಲ್ಕನೇ ಕ್ಲಾಸಿಗೆ ಸ್ಕೂಲು ಮುಗಿಯಿತು. ಮದುವೆಯಾಗಿ ಕುಣಿಗಲ್ಲಿಗೆ ಬಂದ ಮೇಲೆ ತಲೆ ಮೇಲೆ ಬುಟ್ಟಿ ಹೊತ್ತು ಊರೂರು ತಿರುಗಿದರು. ಮೊಪೆಡ್ಡು ಕಲಿತಿದ್ದು ನಲವತ್ತು ದಾಟಿದ ಮೇಲೆ. ಈಗ ವಾರಕ್ಕೆ ಮೂರು ದಿನ ಈ ಓಡಾಟ. ಸೋಮವಾರ, ಶನಿವಾರ ಈ ಕಡೆಯ ಮನೆಗಳಲ್ಲಿ ಮೀನು ಮುಟ್ಟುವುದಿಲ್ಲ. ಉಳಿದ ದಿನಗಳಲ್ಲೂ ಒಬ್ಬರಿಗೆ ಗುರುವಾರದ ಹರಕೆ, ಇನ್ನೊಬ್ಬರಿಗೆ ಶುಕ್ರವಾರದ ಪೂಜೆ. ಕೊನೆಗೆ ಎಲ್ಲ ದೇವರಿಗೂ ಒಪ್ಪಿಗೆಯಾದ ಭಾನುವಾರ, ಮಂಗಳವಾರ, ಬುಧವಾರ ಉಳಿದವು.

ತುಂಬಿದ ಕ್ಯಾನುಗಳನ್ನು ತುಮಕೂರಿಗೆ ಅವರೇ ಬಸ್ಸಿನಲ್ಲಿ ಒಯ್ಯುತ್ತಾರೆ. ಅವರ ಪಕ್ಕದ ಸೀಟು ತುಮಕೂರು ಬರುವ ತನಕ ಖಾಲಿ. ನಿಂತುಕೊಂಡೇ ಹೋಗುವ ಜನ ಇದ್ದಾರೆ, ಆದರೆ ಅಲ್ಲಿ ಕೂರುವವರಿಲ್ಲ. ಕಂಡಕ್ಟರ್ ಹನುಮಂತರಾಜು ಒಬ್ಬನೇ ಹತ್ತಿರ ಬಂದು ಮಾತಾಡಿಸುವವನು.

“ಏನಕ್ಕೋ, ಇವತ್ತು ಎಷ್ಟು ಲೀಟ್ರು? ಡೈರಿಗೆ ಹಾಕ್ಬುಡು, ಫ್ಯಾಟ್ ನೋಡ್ತಾರೆ.”

“ನಿಂದೂ ಒಂದ್ ಬಾಟ್ಲಿ ಕೊಡು ಕಣ್ಲಾ, ಸೇರ್ಸಿ ಹಾಕ್ತೀನಿ. ಹೊಟ್ಟೆ ನೋಡಿದ್ರೆ ಫ್ಯಾಟ್ ಚೆನ್ನಾಗೇ ಬರೋ ಹಂಗೈತೆ.”

ಬಸ್ಸು ನಗುತ್ತದೆ. ನಕ್ಕವರಲ್ಲಿ ಅರ್ಧ ಜನ ಸಕ್ಕರೆ ಮಾತ್ರೆ ನುಂಗುವವರೇ ಇರಬೇಕು. ಆದರೂ ಯಾರೊಬ್ಬರೂ ಆ ಸೀಟಿನಲ್ಲಿ ಕೂರುವುದಿಲ್ಲ.

ಇಷ್ಟೇ ಆಗಿದ್ದರೆ ಇದು ಕಷ್ಟದ ಕೆಲಸ ಮಾಡುವ ಒಬ್ಬ ಹೆಂಗಸಿನ ಕಥೆಯಾಗಿ ಮುಗಿಯುತ್ತಿತ್ತು. ಹುತ್ರಿದುರ್ಗದ ಬೆಟ್ಟದ ಬುಡದಲ್ಲಿರುವ ತಿಪ್ಪಮ್ಮನ ಮನೆ ಅದನ್ನು ಹಾಗೆ ಮುಗಿಯಲು ಬಿಡಲಿಲ್ಲ.

ತಿಪ್ಪಮ್ಮನಿಗೆ ಐವತ್ತೆಂಟು. ಸಕ್ಕರೆ ಬಂದು ಬಹಳ ಕಾಲವಾಗಿದೆ. ತೂಕ ಜಾಸ್ತಿ, ಕಾಲಲ್ಲಿ ನೀರು. ಮೂತ್ರಪಿಂಡ ಅರ್ಧಕ್ಕಿಂತ ಕಡಿಮೆ ಕೆಲಸ ಮಾಡುತ್ತಿದೆ. ಸೋರಿಕೆ ಹೀಗೇ ನಡೆದರೆ ಡಯಾಲಿಸಿಸ್ಸಿಗೆ ತುಮಕೂರಿಗೆ ಓಡಾಡಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಮನೆಯಲ್ಲಿ ಗಂಡ ಕರಿಸಿದ್ದಪ್ಪ, ಫ್ಯಾಕ್ಟರಿ ಕೆಲಸಕ್ಕೆ ಹೋಗುವ ಮಗ ಸಂತೋಷ್. ಚಿಕ್ಕಮಾರಮ್ಮ ವಾರಕ್ಕೆ ಮೂರು ಸಲ ಆ ಮನೆಗೆ ಮೀನಿನ ಕವರು ಕೊಟ್ಟು ಬರುತ್ತಿದ್ದರು. ತಿಂಗಳುಗಳು ಹೋದವು. ಸೋರಿಕೆ ಇಳಿಯಲಿಲ್ಲ, ಏರಿತು. ಕಾಲು ಇನ್ನಷ್ಟು ಊದಿತು. ಕೇಳಿದಾಗಲೆಲ್ಲ ತಿಪ್ಪಮ್ಮ ಒಂದೇ ಮಾತು ಹೇಳುತ್ತಿದ್ದರು: “ಮೂರೊತ್ತೂ ಮೀನ್ ಸಾರೇ ಉಣ್ತಾ ಇದೀನಿ ಕಣವ್ವ.”

ಒಂದು ಮಂಗಳವಾರ ಚಿಕ್ಕಮಾರಮ್ಮ ಕ್ಯಾನಿನ ಮುಚ್ಚಳ ಅಲ್ಲೇ ಮರೆತು ಬಂದರು. ಅರ್ಧ ದಾರಿಯಿಂದ ಹಿಂತಿರುಗಿದಾಗ ಆ ಮನೆಯಲ್ಲಿ ಊಟದ ಹೊತ್ತು.

“ನಡುಮನೇಲಿ ಅಪ್ಪ ಮಗ ಉಣ್ತಾ ಕೂತವ್ರೆ. ನಾನ್ ಕುಯ್ದ್ ಕೊಟ್ಟ ತುಂಡು, ಒಂದೊಂದೂ ಗುರ್ತು ಹಿಡೀತೀನಿ, ಎಲ್ಲಾ ಆ ಎರಡು ತಟ್ಟೇಲಿ. ಪಕ್ಕದಲ್ಲಿ ಮುಳ್ಳಿನ ಗುಡ್ಡೆ. ಈ ಯಮ್ಮ ಅಡಿಗೆಮನೇಲಿ ಒಬ್ಳೇ ಕೂತ್ಕಂಡು ಪಾತ್ರೆ ತಳದಲ್ಲಿರೋ ಸಾರ್ಗೆ ಮುದ್ದೆ ಒತ್ತಿ ನುಂಗ್ತಾವ್ಳೆ. ಉಪ್ಪು, ಹುಳಿ, ಖಾರ. ಅಷ್ಟೇಯ. ಮೀನಿನ್ ಒಂದ್ ಎಸಳಿಲ್ಲ.”

ಸುಳ್ಳೇನೂ ಹೇಳಿರಲಿಲ್ಲ ತಿಪ್ಪಮ್ಮ. ಮಡಕೆಯಲ್ಲಿ ಮೀನು ಬೆಂದರೆ ಸಾರುಂಡವರೆಲ್ಲ ಮೀನುಂಡ ಹಾಗೆಯೇ ಈ ಕಡೆ. ತುಂಡು ದುಡಿಯುವವನಿಗೆ, ಸಾರು ಬೇಯಿಸಿದವಳಿಗೆ. ಹೆಂಗಸು ಕೊನೆಯಲ್ಲಿ ಉಣ್ಣಬೇಕು, ಉಳಿದಿದ್ದನ್ನು ಉಣ್ಣಬೇಕು. ಮೂತ್ರಪಿಂಡಕ್ಕೆಂದು ತಂದ ಮೀನು ಅಪ್ಪ ಮಗನ ತೋಳು ಸೇರಿತು. ಕಾಯಿಲೆಯವಳಿಗೆ ಸಿಕ್ಕಿದ್ದು ಡಾಕ್ಟರು ಬೇಡವೇ ಬೇಡ ಅಂದಿದ್ದ ಉಪ್ಪು. ಇದನ್ನು ಸಂಸ್ಕೃತಿ ಎಂದು ಕರೆಯುವವರು ಆ ಊದಿದ ಕಾಲನ್ನು ಒಮ್ಮೆ ಬೆರಳಿನಿಂದ ಒತ್ತಿ ನೋಡಲಿ. ಬಿದ್ದ ಗುಳಿ ಮೇಲೇಳುವಷ್ಟರಲ್ಲಿ ಅವರ ಭಾಷಣ ಮುಗಿದಿರುತ್ತದೆ.

ಅವತ್ತು ಚಿಕ್ಕಮಾರಮ್ಮ ಬಾಯಿ ಬಿಟ್ಟರು.

“ತುಂಡೆಲ್ಲವ್ವ ತಿಪ್ಪಮ್ಮ?”

“ಗೇಯೋ ಮಗ ಕಣೆ. ಸಾರಲ್ಲೇ ಎಲ್ಲಾ ಇಳ್ಕಂಡಿರ್ತದೆ ಬುಡು.”

ಕರಿಸಿದ್ದಪ್ಪ ತಟ್ಟೆಯಿಂದ ತಲೆ ಎತ್ತಿದರು. “ನಮ್ಮನೇಲಿ ಯಾರ್ ಏನುಂಡ್ರೆ ನಿಂಗೇನಮ್ಮ? ಉಚ್ಚೆ ಹೊರೋಳು ಉಚ್ಚೆ ಹೊತ್ಕಂಡು ಹೋಗು.”

“ಹೊರ್ತೀನಿ ಕಣಣ್ಣ. ನಾಳೆ ಇವ್ಳನ್ನ ನೀನ್ ಹೊರ್ಬೇಕಾಯ್ತದಲ್ಲ, ಅದನ್ನ ನೆನೆಸ್ಕೊ.”

ಮಾರನೇ ದಿನದಿಂದ ಅವರ ಕೆಲಸದ ರೀತಿಯೇ ಬದಲಾಯಿತು. ಬೇರೆ ಮನೆಗಳಿಗೆಲ್ಲ ಮೀನು ಕೊಟ್ಟು, ತಿಪ್ಪಮ್ಮನ ಮನೆಗೆ ಕೊನೆಯಲ್ಲಿ ಹೋಗತೊಡಗಿದರು. ಹೋದವರು ಐಸ್ ಡಬ್ಬವನ್ನು ಅಡಿಗೆಮನೆಯ ಬಾಗಿಲಿಗೆ ಅಡ್ಡ ಇಟ್ಟು ಅದರ ಮೇಲೆ ಕೂರುತ್ತಾರೆ. ಬೆನ್ನು ನಡುಮನೆಗೆ, ಮುಖ ಒಲೆಗೆ. ಆ ಮೈಯನ್ನು ದಾಟಿ ಯಾರೂ ಒಳಗೆ ಹೋಗುವ ಹಾಗಿಲ್ಲ. ತಿಪ್ಪಮ್ಮ ಎರಡು ತುಂಡನ್ನು ಮೆಣಸು, ಅರಿಶಿನ ಹಾಕಿ ಹೆಂಚಿನ ಮೇಲೆ ಬೇಯಿಸಿಕೊಳ್ಳಬೇಕು. ಇವರ ಕಣ್ಣೆದುರು ತಿನ್ನಬೇಕು, ಮಾತ್ರೆಯನ್ನೂ ನುಂಗಬೇಕು. ಬಾಯಿಗೆ ಹೋಗಿ ಗಂಟಲು ಇಳಿಯುವ ತನಕ ಇವರು ಏಳುವುದಿಲ್ಲ.

ಮೊದಲ ದಿನ ತಿಪ್ಪಮ್ಮನ ಕೈ ತಟ್ಟೆಯಿಂದ ಮೇಲೇಳಲಿಲ್ಲವಂತೆ. ಗಂಡ, ಮಗ ಹಸಿದು ಕೂತಿರುವಾಗ ತಾನು ಮೊದಲು ಉಣ್ಣುವುದು ಆಕೆಯ ಜನ್ಮದಲ್ಲೇ ಇರಲಿಲ್ಲ. “ಪಾಪ ಬತ್ತದೆ ಕಣೆ” ಎಂದು ಅತ್ತರಂತೆ.

“ಬರ್ಲಿ, ನನ್ ಹೆಸ್ರಲ್ಲಿ ಬರ್ಕಳ್ಲಿ ಅಂದೆ” ಎನ್ನುತ್ತಾರೆ ಚಿಕ್ಕಮಾರಮ್ಮ. “ನಾನ್ ಏನ್ ಪುಣ್ಯ ಕಟ್ಕಂಡಿದೀನಿ ಅಂತ ಅದನ್ ಬ್ಯಾರೆ ಲೆಕ್ಕ ಇಕ್ಕಳ್ಲಿ.”

ಎರಡು ತಿಂಗಳ ನಂತರದ ಪರೀಕ್ಷೆಯಲ್ಲಿ ತಿಪ್ಪಮ್ಮನ ಸೋರಿಕೆ ಸ್ವಲ್ಪ ಇಳಿದಿತ್ತು. ಕಾಲಿನ ಊತವೂ ತಗ್ಗಿತ್ತು. ಚಿಕ್ಕಮಾರಮ್ಮ ಖುಷಿಯಿಂದ ನಡೆದದ್ದನ್ನೆಲ್ಲ ಡಾಕ್ಟರಿಗೆ ಹೇಳಿಬಿಟ್ಟರು. ಅಲ್ಲಿಂದ ಶುರುವಾಯಿತು ತಾಪತ್ರಯ.

ಡಾಕ್ಟರ್ ಸಂಧ್ಯಾ ಕೆಟ್ಟವರಲ್ಲ. ಅವರ ಮಾತಿನಲ್ಲಿ ತೂಕವೂ ಇದೆ. “ಆ ಇಳಿತ ಮೀನಿಂದ ಬಂತೋ, ಸಾರಿನ ಉಪ್ಪು ಬಿಟ್ಟಿದ್ದಕ್ಕೋ, ವಾರಕ್ಕೆ ಮೂರು ದಿನ ಒಬ್ಬರು ಎದುರಿಗೆ ಕೂತು ಮಾತ್ರೆನೂ ನುಂಗಿಸಿದ್ದಕ್ಕೋ? ಹೇಗೆ ಹೇಳಲಿ? ಎಲ್ಲ ಮನೆಗೂ ಒಂದೇ ನಿಯಮ ಇರಬೇಕು. ಒಂದು ಮನೇಲಿ ಕಾವಲು ಕೂತು, ಇನ್ನೊಂದು ಮನೇಲಿ ಕೊಟ್ಟು ಬಂದರೆ ನಮ್ಮ ಲೆಕ್ಕನೇ ಹಾಳು. ತಪ್ಪು ಉತ್ತರ ಬಂದರೆ ನಾಳೆ ಸಾವಿರಾರು ಜನಕ್ಕೆ ತಪ್ಪು ಸಲಹೆ ಹೋಗುತ್ತೆ.”

ಹಾಗಾದರೆ ಉಳಿದ ಮನೆಗಳಲ್ಲೂ ತುಂಡು ಬೇರೆಯವರ ತಟ್ಟೆಗೆ ಹೋಗುತ್ತಿದ್ದರೆ? “ಆಗುತ್ತಿರಬಹುದು. ಮುಂದಿನ ಸಲ ಯೋಜನೆ ಮಾಡುವಾಗ ಅದನ್ನು ಯೋಚಿಸಬೇಕು” ಎನ್ನುತ್ತಾರೆ ಡಾಕ್ಟರು.

ಮುಂದಿನ ಸಲ! ತಿಪ್ಪಮ್ಮನ ಮೂತ್ರಪಿಂಡಕ್ಕೆ ಮುಂದಿನ ಸಲ ಎಂಬುದು ಇಲ್ಲ.

ತಂಡ ತಿಪ್ಪಮ್ಮನನ್ನು ಅಧ್ಯಯನದಿಂದ ಕೈಬಿಟ್ಟಿತು. ಆ ಮನೆಗೆ ತಂಡದ ಮೀನು ನಿಂತಿತು. ಔಷಧಿ, ಪರೀಕ್ಷೆ ಮಾತ್ರ ಮುಂದುವರಿಸುವುದಾಗಿ ಡಾಕ್ಟರು ಒಪ್ಪಿಕೊಂಡರು. ಅಷ್ಟು ಮನುಷ್ಯತ್ವ ಅವರಿಗಿದೆ. ಚಿಕ್ಕಮಾರಮ್ಮನಿಗೆ ಕಟ್ಟಪ್ಪಣೆಯಾಯಿತು: ಉಳಿದ ಹನ್ನೊಂದು ಮನೆಯಲ್ಲಿ ಮೀನು ಕೊಡು, ಕ್ಯಾನು ತಗೋ, ಬಾ. ಕೂರಬೇಡ, ಕೇಳಬೇಡ. ಕೂತಿದ್ದು ಗೊತ್ತಾದರೆ ಕೆಲಸ ಇಲ್ಲ.

ಅವರು ಹನ್ನೊಂದು ಮನೆಯಲ್ಲಿ ಕೂರುವುದಿಲ್ಲ. ತಿಪ್ಪಮ್ಮನ ಮನೆಗೆ ಮಾತ್ರ ತಮ್ಮ ಕೆರೆಯ ಪಾಲಿನ ಮೀನನ್ನು ಒಯ್ದು ಇವತ್ತಿಗೂ ಕೂರುತ್ತಾರೆ. ತಂಡದ ಪಾಲಿಗೆ ಆ ಮನೆ ಈಗ ಅಧ್ಯಯನದಲ್ಲೇ ಇಲ್ಲ. ಹಾಗಾಗಿ ಅಡ್ಡಿ ಮಾಡುವವರೂ ಇಲ್ಲ.

“ಹನ್ನೊಂದು ಮನೇಲಿ ಬಾಯಿ ಮುಚ್ಕಂಡು ಬತ್ತೀನಿ ಸ್ವಾಮಿ. ಒಂದೊಂದ್ ಮನೆಗ್ ಹೋದ್ರೆ ಒಲೆ ಮೇಲೆ ಸಾರು ಕುದೀತಾ ಇರ್ತದೆ, ಗಂಡಸ್ರು ಕೈ ತೊಳ್ಕಂಡು ಕೂತಿರ್ತಾರೆ. ಗೊತ್ತಾಯ್ತದೆ ನಂಗೆ. ಕವರ್ ಕೊಟ್ಟು ತಿರುಗ್ತೀನಿ. ಹಿಂಗೆ ತಿರುಗಿ ಬರೋದೈತಲ್ಲ, ಅದ್ ಕಷ್ಟ. ಕ್ಯಾನು ಹೊರೋದಲ್ಲ.”

ಕೆಲಸ ಬಿಟ್ಟು ಎಲ್ಲ ಮನೆಯಲ್ಲೂ ಕೂರಬಹುದಿತ್ತಲ್ಲ ಎಂದು ಊರಿನ ಬುದ್ಧಿವಂತರು ಅನ್ನಬಹುದು. ಬುದ್ಧಿವಂತರು ಹನ್ನೊಂದು ಮನೆಗೆ ಮೀನು ಹಿಡಿದು ತರಲಿ, ಆಮೇಲೆ ಮಾತಾಡೋಣ. ತಂಡದ ದುಡ್ಡಿಲ್ಲದೆ ಅಷ್ಟು ಮೀನು ಹಂಚಿದರೆ ಕುಟುಂಬಕ್ಕೇ ಏನೂ ಉಳಿಯದು. ಈ ಕೆಲಸ ಹೋದರೆ ಮೊಪೆಡ್ಡು ಮನೆಯ ಮುಂದೆ ನಿಲ್ಲುತ್ತದೆ. ತಿಪ್ಪಮ್ಮನ ಮನೆಗೂ ಹೋಗುವ ದಾರಿ ಇರುವುದಿಲ್ಲ.

ಕಹಿ ಇಲ್ಲಿಗೇ ಮುಗಿಯುವುದಿಲ್ಲ. ಮಧ್ಯಾಹ್ನ ಕೆರೆಯ ಹಿಂದಿನ ಅವರ ಮನೆಯಲ್ಲಿ ಊಟ. ಚಿಕ್ಕಮಾರಮ್ಮ ಗಂಡನಿಗೆ ಬಡಿಸುತ್ತಾರೆ. ರಾಮಾಂಜಿನಯ್ಯನ ತಟ್ಟೆಯಲ್ಲಿ ಎರಡು ದಪ್ಪ ತುಂಡು. ಅವರು ಎದ್ದ ಮೇಲೆ ಚಿಕ್ಕಮಾರಮ್ಮ ಕೂತು ಮುದ್ದೆಯ ಮೇಲೆ ಸಾರು ಸುರಿದುಕೊಳ್ಳುತ್ತಾರೆ. ಸಾರಿನಲ್ಲಿ ಒಂದು ತಲೆ, ಒಂದು ಬಾಲ. ತಂಡದವರು ಕೆಲಸಕ್ಕೆ ಸೇರಿಸಿಕೊಳ್ಳುವಾಗ ಪರೀಕ್ಷೆ ಮಾಡಿದ್ದರು. ಚಿಕ್ಕಮಾರಮ್ಮನಿಗೂ ಸಕ್ಕರೆ ಇದೆ.

“ನಂದೇನ್ ಬುಡಿ” ಎಂದು ತಾವಾಗಿಯೇ ಹೇಳುತ್ತಾರೆ. “ಬಲೆ ಎಳಿಯೋನು ಅವ್ನು.”

“ನಾನೇನ್ ಕೇಳಿದ್ನಾ?” ಹೊರಗಿನಿಂದ ರಾಮಾಂಜಿನಯ್ಯ ಕೂಗುತ್ತಾರೆ. “ಇವ್ಳೇ ಹಾಕ್ತಾಳೆ. ಬ್ಯಾಡ ಅಂದ್ರೆ ಮೂತಿ ತಿರುಗುಸ್ತಾಳೆ.”

“ಬ್ಯಾಡ ಅಂದಿದ್ದು ಯಾವತ್ತು, ಹೇಳು ನೋಡನ?”

ಹೊರಗೆ ಬಲೆ ಕೊಡವುವ ಸದ್ದು ಕೇಳುತ್ತದೆ. ಚಿಕ್ಕಮಾರಮ್ಮ ಮೀನಿನ ತಲೆ ಚೀಪುತ್ತಾ ಗೋಡೆ ನೋಡುತ್ತಾರೆ. ಇನ್ನೊಬ್ಬಳ ಅಡಿಗೆಮನೆಯ ಬಾಗಿಲಿಗೆ ಅಡ್ಡ ಕೂರುವ ಹೆಂಗಸಿಗೆ ತನ್ನ ಮನೆಯಲ್ಲಿ ಅಡ್ಡ ಕೂರಲು ಆಗಿಲ್ಲ. ಇದಕ್ಕೆ ಅವರನ್ನು ಬೈಯುವ ಯೋಗ್ಯತೆ ನಮ್ಮಲ್ಲಿ ಯಾರ ಮನೆಗಿದೆ?

ಮಾರನೇ ದಿನ ಬುಧವಾರ. ಹುತ್ರಿದುರ್ಗದ ಬುಡದ ಆ ಅಡಿಗೆಮನೆಯಲ್ಲಿ ಹೆಂಚು ಕಾದಿದೆ. ಡಬ್ಬ ಬಾಗಿಲಿಗೆ ಅಡ್ಡ ಕೂತಿದೆ, ಡಬ್ಬದ ಮೇಲೆ ಚಿಕ್ಕಮಾರಮ್ಮ ಕೂತಿದ್ದಾರೆ. ತಿಪ್ಪಮ್ಮ ತುಂಡು ಬಿಡಿಸಿ ಮುಳ್ಳು ತೆಗೆಯುತ್ತಿದ್ದಾರೆ. ಮುಂದಿನ ವಾರ ಮತ್ತೆ ಪರೀಕ್ಷೆ ಇದೆ. ಸೋರಿಕೆ ಇಳಿದೇ ಇರುತ್ತದೋ, ಮತ್ತೆ ಏರಿರುತ್ತದೋ ಯಾರಿಗೂ ಗೊತ್ತಿಲ್ಲ. ಏರಿದ್ದರೆ ಡಯಾಲಿಸಿಸ್ ಮಾತು ಶುರುವಾಗುತ್ತದೆ.

“ನೀನ್ ಉಂಡ್ಯಾ?” ತಿಪ್ಪಮ್ಮ ಕೇಳುತ್ತಾರೆ.

“ಉಂಡೆ ಬುಡು.”

“ಏನುಂಡೆ?”

“ನಿನ್ ತಟ್ಟೆ ನೋಡ್ಕ. ಮಾತಾಡ್ತಾ ಮುಳ್ ನುಂಗ್ಬುಟ್ಟೀಯ.”

ನಡುಮನೆಯಿಂದ ಸಂತೋಷನ ದನಿ ಬರುತ್ತದೆ. ಕೆಲಸಕ್ಕೆ ಹೊರಟಿದ್ದಾನೆ. “ಅವ್ವೋ, ಇಕ್ಕು ಬಾ. ಬಸ್ಸಿಗೆ ಹೊತ್ತಾಯ್ತು.”

ತಿಪ್ಪಮ್ಮನ ಕೈ ನಿಲ್ಲುತ್ತದೆ. ಎದ್ದೇಳಲು ಒಂದು ಮಂಡಿ ಊರುತ್ತಾರೆ. ಚಿಕ್ಕಮಾರಮ್ಮ ಡಬ್ಬದ ಮೇಲಿಂದ ಅಲುಗುವುದಿಲ್ಲ. ತಿಪ್ಪಮ್ಮ ಅವರ ಮುಖ ನೋಡುತ್ತಾರೆ, ತಟ್ಟೆ ನೋಡುತ್ತಾರೆ. ಮಂಡಿ ಮಡಚಿ ಮತ್ತೆ ಕೂರುತ್ತಾರೆ.

“ತಡ್ಕಳ್ಳಾ. ಉಣ್ತಾ ಇದೀನಿ.”

ನಡುಮನೆಯಲ್ಲಿ ಕರಿಸಿದ್ದಪ್ಪ ಒಮ್ಮೆ ಕೆಮ್ಮುತ್ತಾರೆ, ಅಷ್ಟೇ. ಸಂತೋಷ್ ಬಾಗಿಲ ತನಕ ಬಂದು, ಚಿಕ್ಕಮಾರಮ್ಮನ ಬೆನ್ನು ನೋಡಿ ನಿಲ್ಲುತ್ತಾನೆ. “ಮುದ್ದೆನಾದ್ರೂ ಈ ಕಡೆ ಕೊಡಕ್ಕ” ಎಂದು ಗೊಣಗುತ್ತಾನೆ. ಚಿಕ್ಕಮಾರಮ್ಮ ಕೂತಲ್ಲಿಂದಲೇ ಕೈ ಚಾಚಿ ಮುದ್ದೆಯ ಪಾತ್ರೆಯನ್ನು ಹೆಗಲ ಮೇಲಿಂದ ಹಿಂದಕ್ಕೆ ಕೊಡುತ್ತಾರೆ. ಅವನು ತಾನೇ ಬಡಿಸಿಕೊಂಡು ಉಣ್ಣುತ್ತಾನೆ. ಮನೆಯೇನೂ ಬಿದ್ದು ಹೋಗುವುದಿಲ್ಲ.

ಹೊರಗೆ ಬಂದು ಮೊಪೆಡ್ಡಿಗೆ ಡಬ್ಬ ಬಿಗಿಯುವಾಗ ಚಿಕ್ಕಮಾರಮ್ಮನ ಮುಖದಲ್ಲಿ ಒಂದು ಹೆಮ್ಮೆ ಇದೆ.

“ಕೇಳುಸ್ಕಂಡ್ರಾ? ‘ತಡ್ಕಳ್ಳಾ’ ಅಂದ್ಲು. ನಾನ್ ಹೇಳ್ಕೊಟ್ಟಿದ್ದಲ್ಲ. ಅವ್ಳೇ ಅಂದ್ಲು.”

ಕಿಕ್ಕರ್ ಒಂದು ಸಲ ತುಳಿದರೆ ಮೊಪೆಡ್ಡು ಸ್ಟಾರ್ಟ್ ಆಗುವುದಿಲ್ಲ. ಎರಡನೇ ಸಲ ತುಳಿದು, ಹೊಗೆ ಬಂದ ಮೇಲೆ ಹೇಳುತ್ತಾರೆ:

“ನಾನ್ ಬರ್ದೇ ಇದ್ದ ದಿನಾನೂ ಹಂಗೇ ಅನ್ಬೇಕು. ನಂಗೆ ಇನ್ನೇನೂ ಬ್ಯಾಡ.”